ಅಜ್ಜಿಯ ಮುಖದ ಮೇಲಿನ ಪೆನ್ಸಿಲ್ ಗೆರೆ

ಅಜ್ಜಿಯ ವರ್ಷದ ತಿಥಿಗೆ ಮೂರು ವಾರ ಇರುವಾಗ ಅಮ್ಮನ ಫೋನ್ ಬಂತು. "ಹಾಲ್‌ನಲ್ಲಿ ಹಾಕೋಕೆ ನಿಮ್ಮಜ್ಜೀದು ಒಂದು ದೊಡ್ಡ ಫೋಟೋ ಮಾಡ್ಸೋ. ಅದೇನೋ ಕಂಪ್ಯೂಟರ್‌ನಲ್ಲಿ ಎಲ್ಲಾರ್ದೂ ಸರಿ ಮಾಡ್ಕೊಡ್ತೀಯಲ್ಲ, ಇದನ್ನೂ ಒಂಚೂರು ಸರಿ ಮಾಡು."

ಎಲ್ಲಾರ್ದೂ ಸರಿ ಮಾಡಿಕೊಡುವುದು ನಿಜ. ವಾರವಿಡೀ ಆಫೀಸಿನಲ್ಲಿ ಕೋಡ್ ಬರೆದು, ಶನಿವಾರ ರಾತ್ರಿ ಗೆಳೆಯರ ಮನೆಯ ಹಳೇ ಕಪ್ಪುಬಿಳುಪು ಫೋಟೋಗಳನ್ನು ಸ್ಕ್ಯಾನ್ ಮಾಡಿ, ಗೀರು, ಬೂಷ್ಟು, ಮಡಿಕೆಯ ಗುರುತು ಎಲ್ಲ ತೆಗೆದು ಕೊಡುವ ಹುಚ್ಚು ನನಗೆ ಏಳೆಂಟು ವರ್ಷದಿಂದ ಇದೆ. ಕಾಸು ತಗೊಳ್ಳಲ್ಲ, ಬಿರಿಯಾನಿ ತಗೋತೀನಿ. ಶುರುವಿನಲ್ಲಿ ಬರೀ ಫೋಟೋ ಸರಿ ಮಾಡುತ್ತಿದ್ದೆ. ಆಮೇಲೆ ಯಾವಾಗಲೋ ಫೋಟೋದಲ್ಲಿ ಇರುವವರನ್ನೂ ಸರಿ ಮಾಡಲು ಶುರು ಮಾಡಿದೆ. ತಾತನ ಕಣ್ಣಿನ ಕೆಳಗಿನ ಚೀಲ, ದೊಡ್ಡಮ್ಮನ ಗಲ್ಲದ ನರೂಲಿ. ಯಾರೂ ಬೇಡ ಅನ್ನಲಿಲ್ಲ. ಎಲ್ಲರೂ ಥ್ಯಾಂಕ್ಸ್ ಅಂದರು.

ಅಜ್ಜಿಯ ಫೋಟೋ ಅಂತ ಮನೆಯಲ್ಲಿ ಇದ್ದದ್ದು ಎರಡೇ. ಒಂದು 1954ರಲ್ಲಿ, ಮದುವೆಗೆ ಮುಂಚೆ, ಹಾಸನದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಆಗ ಅವಳಿಗೆ ಹದಿನೆಂಟು. ಇನ್ನೊಂದು 1998ರಲ್ಲಿ ಸೋದರಮಾವ ಹೊಸ ಕ್ಯಾಮೆರಾ ತಂದ ಖುಷಿಯಲ್ಲಿ ಹಿತ್ತಲ ಜಗಲಿಯ ಮೇಲೆ ಕೂರಿಸಿ ತೆಗೆದ ಕಲರ್ ಫೋಟೋ. ಅದರಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಾ, "ಸಾಕು ಹೋಗೋ" ಅನ್ನುವ ಮುಖ ಮಾಡಿದ್ದಾಳೆ. ನನಗೂ ಅಮ್ಮನಿಗೂ ಮೊದಲನೆಯದೇ ಸರಿ ಅನ್ನಿಸಿತು. ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಕೆಳಗೆ ಇದ್ದದ್ದರಿಂದ ಅದು ಹೆಚ್ಚು ಹಾಳಾಗಿರಲೂ ಇಲ್ಲ.

ಸ್ಕ್ಯಾನ್ ಮಾಡಿ ಸ್ಕ್ರೀನ್ ಮೇಲೆ ದೊಡ್ಡದು ಮಾಡಿದರೆ, ಮುಖ ಬೆಣ್ಣೆಯಂತಿತ್ತು. ಹೀಲಿಂಗ್ ಬ್ರಷ್ ಹಿಡಿದು ಕೂತವನಿಗೆ ಕೆಲಸವೇ ಇಲ್ಲ. ಎರಡು ನಿಮಿಷ ಖುಷಿಯಾಯಿತು. ಆಮೇಲೆ ಹೊಳೆಯಿತು, ಅಜ್ಜಿಯ ಮುಖ ಹೀಗಿರಲಿಲ್ಲ. ಅವಳಿಗೆ ಏಳು ವರ್ಷವಿದ್ದಾಗ ಸಿಡುಬು ಬಂದಿತ್ತು. ಎರಡೂ ಕೆನ್ನೆಯ ಮೇಲೆ, ಮೂಗಿನ ತುದಿಯಲ್ಲಿ, ಹಣೆಯ ಎಡಕ್ಕೆ ಗುಳಿಗಳಿದ್ದವು. ಚಿಕ್ಕವನಿದ್ದಾಗ ಅವಳ ಪಕ್ಕ ಮಲಗಿ ಬೆರಳಿಟ್ಟು ಎಣಿಸುತ್ತಿದ್ದೆ. "ಅಮ್ಮ ಬಂದು ಹೋದ ಗುರುತು ಕಣಪ್ಪ, ಎಣಿಸ್ಬಾರ್ದು" ಅನ್ನೋಳು. ಕೈಯನ್ನು ಮಾತ್ರ ತಳ್ಳುತ್ತಿರಲಿಲ್ಲ.

ಹಾಗಾದರೆ 1954ರ ಫೋಟೋದಲ್ಲಿ ಆ ಗುಳಿಗಳು ಎಲ್ಲಿ ಹೋದವು?

ಉತ್ತರ ಸಿಕ್ಕಿದ್ದು ಮಾವನ ಅಟ್ಟದಲ್ಲಿ. ಆ ಸ್ಟುಡಿಯೋ ಮುಚ್ಚುವಾಗ ಹಳೇ ನೆಗೆಟಿವ್‌ಗಳನ್ನು ಗುಜರಿಗೆ ಹಾಕುತ್ತಿದ್ದಾರೆಂದು ತಿಳಿದು, ಮಾವ ಹೋಗಿ ನಮ್ಮ ಮನೆಯವರದ್ದು ನಾಲ್ಕೈದು ಹುಡುಕಿ ತಂದಿದ್ದರಂತೆ. ಪೇಪರಿನಲ್ಲಿ ಸುತ್ತಿಟ್ಟ ಹಾಫ್ ಪ್ಲೇಟ್ ಗಾಜುಗಳು. ಅಂದರೆ ಹೆಚ್ಚುಕಡಿಮೆ ನಾಲ್ಕೂಮುಕ್ಕಾಲು ಇಂಚು ಅಗಲ, ಆರೂವರೆ ಇಂಚು ಎತ್ತರ. ಅಜ್ಜಿಯದನ್ನು ಕಿಟಕಿಗೆ ಹಿಡಿದೆ. ಅಷ್ಟರಲ್ಲಿ ಕೈ ಸ್ವಲ್ಪ ಓರೆಯಾಯಿತು. ಬೆಳಕು ಗಾಜಿನ ಮೇಲೆ ಜಾರಿದಾಗ ಮುಖದ ಜಾಗದಲ್ಲಿ ಮಾತ್ರ ಏನೋ ಮಿಣುಗಿತು. ಭೂತಗನ್ನಡಿ ತಂದು ನೋಡಿದರೆ ಪೆನ್ಸಿಲ್. ಕಾಮಾ ಚಿಹ್ನೆಯಂಥ ಸಣ್ಣ ಸಣ್ಣ ಗೆರೆ, ಚುಕ್ಕೆ, ಒಂದರ ಮೇಲೊಂದು ಅಡ್ಡಗೆರೆ. ಎರಡೂ ಕೆನ್ನೆ, ಮೂಗಿನ ತುದಿ, ಹಣೆಯ ಎಡಕ್ಕೆ. ನಾನು ಎಣಿಸುತ್ತಿದ್ದ ಗುಳಿಗಳನ್ನು ನನಗಿಂತ ಎಷ್ಟೋ ವರ್ಷ ಮುಂಚೆ ಯಾರೋ ಒಂದೊಂದಾಗಿ ಎಣಿಸಿ ತುಂಬಿದ್ದರು.

ನಾವೆಲ್ಲ ಚರ್ಮ ನುಣುಪು ಮಾಡುವುದು ಫೋಟೋಶಾಪ್ ಬಂದಮೇಲೆ ಶುರುವಾದ ರೋಗ ಅಂದುಕೊಂಡಿದ್ದೇವೆ. ನಾನೂ ಅಂದುಕೊಂಡಿದ್ದೆ. ಅವತ್ತಿನಿಂದ ಓದಲು ಕೂತರೆ ಕತೆ 170 ವರ್ಷ ಹಿಂದಕ್ಕೆ ಹೋಗುತ್ತದೆ. ಅದು ಶುರುವಾದದ್ದೂ ಬರೀ ಷೋಕಿಯಿಂದ ಅಲ್ಲ.

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಕೊಲೋಡಿಯನ್ ವಿಧಾನವನ್ನು ಪ್ರಕಟಿಸಿದ. ಗಾಜಿನ ಮೇಲೆ ಅಂಟು ದ್ರಾವಣ ಹರಡಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಒದ್ದೆ ಇರುವಾಗಲೇ ಫೋಟೋ ತೆಗೆದು ತೊಳೆಯಬೇಕು. ಚಿತ್ರ ಬಹಳ ಸ್ಫುಟವಾಗಿ ಬರುತ್ತಿತ್ತು, ಆದರೆ ಆ ಗಾಜಿಗೆ ಒಂದು ಕುರುಡು ಇತ್ತು. ಅದಕ್ಕೆ ಕಾಣುತ್ತಿದ್ದದ್ದು ನೀಲಿ, ನೇರಳೆ ಮತ್ತು ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಮಾತ್ರ. ಕೆಂಪು ಅದರ ಪಾಲಿಗೆ ಕತ್ತಲೆ. ಈಗ ಯೋಚನೆ ಮಾಡಿ, ಮನುಷ್ಯನ ಚರ್ಮದಲ್ಲಿ ಇರುವುದೆಲ್ಲ ಕೆಂಪು, ಕಂದು, ಹಳದಿಯ ಸಂಸಾರವೇ. ಬಿಳಿಯರ ಮುಖದ ಮೇಲಿನ, ಎದುರಿಗೆ ನಿಂತರೂ ಸರಿಯಾಗಿ ಕಾಣದ ತಿಳಿಗಂದು ಚುಕ್ಕೆಗಳು ಫೋಟೋದಲ್ಲಿ ಮಸಿ ಚೆಲ್ಲಿದ ಹಾಗೆ ಬರುತ್ತಿದ್ದವು. ಬಿಸಿಲಿಗೆ ಕೆಂಪಾದ ಮೂಗು ಕಪ್ಪಾಗುತ್ತಿತ್ತು. ತಿಳಿ ನೀಲಿ ಕಣ್ಣು ಬೆಳ್ಳಗೆ ಪಿಳಿಪಿಳಿ. ಕಂದು ಚರ್ಮದವರಂತೂ ಕಣ್ಣಿಗೆ ಕಾಣುವುದಕ್ಕಿಂತ ಒಂದೆರಡು ಮೆಟ್ಟಿಲು ಕಪ್ಪಾಗಿ ಬರುತ್ತಿದ್ದರು.

ಅಂದರೆ ಸುಳ್ಳು ಹೇಳಲು ಶುರು ಮಾಡಿದ್ದು ಗಾಜು. ಮುಖವನ್ನು ತಿದ್ದುವವನಿಗೆ ತಾನು ಸುಳ್ಳನ್ನು ಸರಿ ಮಾಡುತ್ತಿದ್ದೇನೆ ಅನ್ನುವ ಒಂದು ನ್ಯಾಯವಾದ ನೆಪ ಮೊದಲ ದಿನದಿಂದಲೇ ಇತ್ತು. ಆ ನೆಪ ಎಷ್ಟು ದೂರ ಬಂತು ಅನ್ನುವುದೇ ಈ ಕತೆ.

1855ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಮ್ಯೂನಿಕ್‌ನ ಫ್ರಾಂಜ್ ಹಾನ್ಫ್‌ಸ್ಟೆಂಗಲ್ ಒಂದೇ ಮುಖದ ಎರಡು ಪ್ರಿಂಟ್ ಪಕ್ಕಪಕ್ಕ ಇಟ್ಟನೆಂದು ಫೋಟೋಗ್ರಫಿಯ ಇತಿಹಾಸ ಬರೆದವರು ಹೇಳುತ್ತಾರೆ. ಒಂದು ಇದ್ದಂತೆ ಇದ್ದದ್ದು, ಇನ್ನೊಂದು ನೆಗೆಟಿವ್ ತಿದ್ದಿದ ಮೇಲೆ ತೆಗೆದದ್ದು. ನಾವು ಇನ್‌ಸ್ಟಾಗ್ರಾಮಿನಲ್ಲಿ ನೋಡುವ 'ಬಿಫೋರ್, ಆಫ್ಟರ್' ಪೋಸ್ಟಿನ ಮುತ್ತಾತ. ಅದಕ್ಕೆ ಮುಂಚೆಯೂ ಪ್ರಿಂಟಿನ ಮೇಲೆ ಬಣ್ಣ ಬಳಿಯುವವರು ಇದ್ದರು, ಆದರೆ ಪ್ರಿಂಟನ್ನು ತಿದ್ದಿದರೆ ಒಂದೇ ಪ್ರತಿ ಸರಿಯಾಗುತ್ತದೆ. ನೆಗೆಟಿವನ್ನೇ ತಿದ್ದಿದರೆ ಅದರಿಂದ ಬರುವ ನೂರು ಪ್ರತಿಯೂ ಸರಿ, ಯಾರಿಗೂ ಕುರುಹು ಸಿಗುವುದಿಲ್ಲ.

ಆ ಕೆಲಸದ ರೀತಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾವು ಮೌಸ್ ಹಿಡಿದು ಮಾಡುವುದೆಲ್ಲ ಅದರ ನಕಲು. ಓರೆಯಾಗಿ ನಿಲ್ಲಿಸಿದ ಒಂದು ಮರದ ಡೆಸ್ಕು. ನಡುವೆ ಕಿಂಡಿ, ಅದಕ್ಕೆ ಉಜ್ಜಿ ಮಬ್ಬು ಮಾಡಿದ ಗಾಜು. ಕೆಳಗೆ ಕನ್ನಡಿ, ಕಿಟಕಿಯ ಬೆಳಕನ್ನು ಮೇಲಕ್ಕೆ ಹಾಯಿಸಲು. ಸುತ್ತ ಕತ್ತಲೆಗೆ ಕಪ್ಪು ಬಟ್ಟೆ. ನೆಗೆಟಿವ್ ಮೇಲೆ ನೇರವಾಗಿ ಪೆನ್ಸಿಲ್ ಹತ್ತುವುದಿಲ್ಲ, ಜಾರುತ್ತದೆ. ಅದಕ್ಕೇ ಟರ್ಪೆಂಟೈನಿನಲ್ಲಿ ರಾಳ ಕರಗಿಸಿ ಮಾಡಿದ ದ್ರಾವಣವನ್ನು ಬಟ್ಟೆಯಲ್ಲಿ ತೆಳ್ಳಗೆ ಉಜ್ಜಿ, ಪೆನ್ಸಿಲ್ ಕಚ್ಚಿಕೊಳ್ಳುವಂತೆ ಮಾಡಬೇಕು. ಗಟ್ಟಿ ಸೀಸದ ಪೆನ್ಸಿಲ್, ಮರ ಕೆತ್ತಿ ಇಂಚಿನಷ್ಟು ಸೀಸ ಹೊರಗೆ ಬಿಟ್ಟು, ಉಪ್ಪುಕಾಗದದಲ್ಲಿ ತಿಕ್ಕಿ ಸೂಜಿಯಂತೆ ಮಾಡಿದ್ದು.

ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ. ಮುಖದ ಮೇಲಿನ ಕಪ್ಪು ಕಲೆ, ಸುಕ್ಕಿನ ನೆರಳು, ಸಿಡುಬಿನ ಗುಳಿಯೊಳಗಿನ ಕತ್ತಲೆ, ಇವೆಲ್ಲ ಅಲ್ಲಿ ಪಾರದರ್ಶಕವಾಗಿ, ತೂತಿನ ಹಾಗೆ ಕಾಣುತ್ತವೆ. ಆ ತೂತನ್ನು ಪೆನ್ಸಿಲ್ ಗೆರೆಯಿಂದ ತುಂಬಿ ಸುತ್ತಲಿನಷ್ಟೇ ದಟ್ಟ ಮಾಡಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಪೆನ್ಸಿಲ್ ಬೆಳ್ಳಗೆ ಮಾಡಬಲ್ಲದೇ ಹೊರತು ಕಪ್ಪು ಮಾಡಲಾರದು. ಕಪ್ಪು ಮಾಡಬೇಕಾದರೆ ಸಣ್ಣ ಚಾಕುವಿನಿಂದ ಎಮಲ್ಷನ್ನನ್ನು ಹೆರೆಯಬೇಕು. ಕೈ ತಪ್ಪಿದರೆ ಅಂಡೂ ಇಲ್ಲ, ಕಂಟ್ರೋಲ್ ಝಡ್ಡೂ ಇಲ್ಲ. ಗಿರಾಕಿಯ ಮೂಗೇ ಹೋಯಿತು.

ಈ ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರು ಬಹಳ. ಯುರೋಪ್, ಅಮೆರಿಕದ ಸ್ಟುಡಿಯೋಗಳಲ್ಲಿ ಕ್ಯಾಮೆರಾ ಹಿಂದೆ ಗಂಡಸು, ಹಿಂದಿನ ಕೋಣೆಯಲ್ಲಿ ಡೆಸ್ಕಿನ ಮುಂದೆ ಹುಡುಗಿಯರು. ಫೋಟೋದ ಮೂಲೆಯಲ್ಲಿ ಸ್ಟುಡಿಯೋ ಹೆಸರು ಇರುತ್ತಿತ್ತು, ಕಣ್ಣು ಕಳಕೊಂಡವರದ್ದು ಇರುತ್ತಿರಲಿಲ್ಲ.

ಬೇಡ ಅಂದವರೂ ಇದ್ದರು. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಹುಟ್ಟಿದ್ದು 1815ರಲ್ಲಿ, ನಮ್ಮ ಕಲ್ಕತ್ತಾದಲ್ಲೇ. ಇಂಗ್ಲೆಂಡಿನಲ್ಲಿದ್ದಾಗ, 48ನೇ ವಯಸ್ಸಿನಲ್ಲಿ ಮಗಳು ಅಳಿಯ ಸೇರಿ ಕೊಡಿಸಿದ ಕ್ಯಾಮೆರಾ ಹಿಡಿದು ಶುರು ಮಾಡಿದಳು. 1867ರಲ್ಲಿ ಅವಳು ತೆಗೆದ ವಿಜ್ಞಾನಿ ಜಾನ್ ಹರ್ಷೆಲ್‌ನ ಚಿತ್ರ ನೋಡಬೇಕು ನೀವು. ಕೆದರಿದ ಬಿಳಿ ಕೂದಲು, ಜೋತುಬಿದ್ದ ಕಣ್ಣು, ಮುಖದ ಒಂದೊಂದು ಸುಕ್ಕೂ ಹಾಗೇ. ಗಾಜಿನ ಮೇಲಿನ ಗೀರು, ಬೆರಳಚ್ಚನ್ನೂ ಅವಳು ಬಿಡುತ್ತಿದ್ದಳು, ಅದಕ್ಕೆ ಆಗಿನ ಪಂಡಿತರಿಂದ ಬೈಸಿಕೊಂಡಳು ಕೂಡ. ಆದರೆ ಕ್ಯಾಮೆರಾನ್ ಹೊಟ್ಟೆಪಾಡಿನ ಸ್ಟುಡಿಯೋ ನಡೆಸುತ್ತಿದ್ದವಳಲ್ಲ ಅನ್ನುವುದನ್ನೂ ನೆನಪಿಡಬೇಕು. ಹಾಸನದ ಸ್ಟುಡಿಯೋದವರು ಹಾಗೆ ಮಾಡಿದ್ದರೆ ಮಾರನೇ ದಿನ ಅಂಗಡಿ ಮುಚ್ಚಬೇಕಿತ್ತು.

ಗಾಜಿನ ಕುರುಡು ನಿಧಾನಕ್ಕೆ ವಾಸಿಯಾಯಿತು. 1873ರಲ್ಲಿ ಬರ್ಲಿನ್‌ನ ಹರ್ಮನ್ ಫೋಗೆಲ್, ಎಮಲ್ಷನ್ನಿಗೆ ಬಣ್ಣ ಬೆರೆಸಿದರೆ ಅದಕ್ಕೆ ಹಸಿರೂ ಕಾಣುತ್ತದೆ ಎಂದು ಕಂಡುಹಿಡಿದ. 1906ರಲ್ಲಿ ಕೆಂಪನ್ನೂ ಕಾಣಬಲ್ಲ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟುಗಳು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದವು. 1920ರ ದಶಕ ಮುಗಿಯುವ ಹೊತ್ತಿಗೆ ಹಾಲಿವುಡ್ ಕೂಡ ಆ ಬಗೆಯ ಫಿಲ್ಮಿಗೆ ಬದಲಾಗಿತ್ತು. ಕ್ಯಾಮೆರಾ ಸುಳ್ಳು ಹೇಳುವುದನ್ನು ಬಹುಮಟ್ಟಿಗೆ ಬಿಟ್ಟಿತು. ನ್ಯಾಯವಾಗಿ ಪೆನ್ಸಿಲ್ ಕೂಡ ಕೆಳಗಿಡಬೇಕಿತ್ತು, ಅಲ್ವಾ? ಆದದ್ದು ಉಲ್ಟಾ. ನಿಜವಾದ ಭರಾಟೆ ಶುರುವಾದದ್ದೇ ಆಗ.

ಜಾರ್ಜ್ ಹರೆಲ್ ಹೆಸರು ಕೇಳಿರದಿದ್ದರೂ ಅವನ ಚಿತ್ರಗಳನ್ನು ನೀವು ನೋಡಿರುತ್ತೀರಿ. ಹಳೇ ಹಾಲಿವುಡ್ ನಟಿಯರ, ಅಮೃತಶಿಲೆಯಲ್ಲಿ ಕಡೆದಂಥ ಕಪ್ಪುಬಿಳುಪು ಮುಖಗಳಲ್ಲಿ ಎಷ್ಟೋ ಅವನವು. ಎಂಜಿಎಂ ಕಂಪನಿಯ ಫೋಟೋಗ್ರಾಫರ್ ಆಗಿದ್ದ. 1931ರಲ್ಲಿ 'ಲಾಫಿಂಗ್ ಸಿನ್ನರ್ಸ್' ಸಿನಿಮಾದ ಸಲುವಾಗಿ ಅವನು ಜೋನ್ ಕ್ರಾಫರ್ಡ್‌ಳ ಮುಖವನ್ನು ಹತ್ತಿರದಿಂದ ತೆಗೆದ. ಆ ನೆಗೆಟಿವ್‌ನಿಂದ ತಿದ್ದುವ ಮೊದಲು ಮತ್ತು ತಿದ್ದಿದ ಮೇಲೆ ತೆಗೆದ ಎರಡು ಪ್ರಿಂಟ್ ಉಳಿದುಕೊಂಡಿವೆ, ಪುಸ್ತಕಗಳಲ್ಲಿ ಜೋಡಿಯಾಗಿ ಅಚ್ಚಾಗುತ್ತಿರುತ್ತವೆ. ಮೊದಲನೆಯದರಲ್ಲಿ ಮುಖದ ತುಂಬ, ತುಟಿಯ ಅಂಚಿನವರೆಗೆ ಚುಕ್ಕೆಗಳು. ಹಣೆಯಲ್ಲಿ ಗೆರೆ, ಕಣ್ಣ ಕೆಳಗೆ ನೆರಳು. ರಾತ್ರಿ ಪಾಳಿ ಮುಗಿಸಿ ಬಂದ, ಜೀವಂತ ಹೆಂಗಸು. ಎರಡನೆಯದರಲ್ಲಿ ಇದ್ಯಾವುದೂ ಇಲ್ಲ, ಬೆಳಕೇ ಚರ್ಮವಾಗಿದೆ. ನಡುವೆ ಕೂತು ಆ ಕೆಲಸ ಮಾಡಿದವನು ಜೇಮ್ಸ್ ಶಾರ್ಪ್ ಅನ್ನುವ ರಿಟಚರ್. ಆ ಒಂದು ನೆಗೆಟಿವ್‌ಗೆ ಅವನು ಆರು ಗಂಟೆ ತೆಗೆದುಕೊಂಡನಂತೆ.

ನನಗೆ ಕುತೂಹಲ ಅನ್ನಿಸಿದ್ದು ಬೇರೆ. ಹರೆಲ್‌ಗೆ ಮುಖಕ್ಕೆ ದಪ್ಪ ಮೇಕಪ್ ಹಚ್ಚುವುದು ಹಿಡಿಸುತ್ತಿರಲಿಲ್ಲ, ಚರ್ಮದ ಸಹಜ ಹೊಳಪು ಮುಚ್ಚಿಹೋಗುತ್ತದೆ ಅಂತ. ಅಂದರೆ ಮೇಕಪ್ ಬೇಡ, ಚರ್ಮ ಬೇಕು, ಆದರೆ ಚರ್ಮದ ಮೇಲೆ ಇರುವುದು ಬೇಡ. ಈ ವಿಚಿತ್ರ ಬೇಡಿಕೆ ಸಾಧ್ಯವಾದದ್ದು ಅವನ ಫಿಲ್ಮಿನ ಸೈಜಿನಿಂದ. ಎಂಟು ಇಂಚು, ಹತ್ತು ಇಂಚಿನ ನೆಗೆಟಿವ್, ಅದರಲ್ಲಿ ಮುಖವೇ ಅಂಗೈಯಗಲ. ಪೆನ್ಸಿಲ್ ಆಡಿಸಲು ಬೇಕಾದಷ್ಟು ಜಾಗ. ಮುಂದೆ 35 ಮಿಲಿಮೀಟರ್ ಫಿಲ್ಮ್ ಬಂದು ಮುಖ ಬಟಾಣಿ ಕಾಳಿನಷ್ಟಾದಾಗ ಈ ವಿದ್ಯೆ ತಾನಾಗಿಯೇ ಸೊರಗಿತು. ಮೌಲ್ಯ ಬದಲಾಗಿ ಅಲ್ಲ, ಜಾಗ ಸಾಲದೆ. ನಮ್ಮಪ್ಪ ಅಮ್ಮಂದಿರ ಎಂಬತ್ತರ ದಶಕದ ಆಲ್ಬಮ್‌ಗಳಲ್ಲಿ ಎಲ್ಲರಿಗೂ ಮೊಡವೆ ಕಾಣುವುದು ಇದೇ ಕಾರಣಕ್ಕೆ.

ಮತ್ತೆ ನಮ್ಮ ಗಾಜಿಗೆ ಬರುತ್ತೇನೆ. ಪೆನ್ಸಿಲ್ ಅಲ್ಲದೆ ಅಲ್ಲಿ ಇನ್ನೊಂದಿತ್ತು. ಬಿಳಿ ಹಾಳೆಯ ಮೇಲೆ ಗಾಜನ್ನು ಇಟ್ಟಾಗ ಮುಖ ಮತ್ತು ಕತ್ತಿನ ಜಾಗ ಮಾತ್ರ ತೀರಾ ತೆಳುವಾಗಿ ಕೆಂಪಗೆ ಕಾಣುತ್ತಿತ್ತು. ಮೊದಲು ಗಾಜು ಹಳತಾಗಿ ಬಣ್ಣ ತಿರುಗಿದೆ ಅಂದುಕೊಂಡೆ. ಆದರೆ ಆ ಕೆಂಪು ಸೆರಗಿನ ಅಂಚಿಗೆ ಸರಿಯಾಗಿ ನಿಂತಿತ್ತು. ಅದು ಬ್ರಷ್ಷಿನ ಕೆಲಸ. ಫೋಟೋ ಪ್ರಿಂಟ್ ಮಾಡುವ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ, ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬ್ ಹಾಕುವುದು ಅದಕ್ಕೇ. ನೆಗೆಟಿವ್‌ನಲ್ಲಿ ಒಂದು ಜಾಗಕ್ಕೆ ನೀರಾದ ಕೆಂಪು ಬಣ್ಣ ಬಳಿದರೆ ಅಲ್ಲಿ ಕಾಗದಕ್ಕೆ ಬೆಳಕು ಕಡಿಮೆ ಮುಟ್ಟುತ್ತದೆ, ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಪಾಶ್ಚಾತ್ಯ ಸ್ಟುಡಿಯೋಗಳಲ್ಲಿ ನೆರಳಿನಲ್ಲಿ ಮುಳುಗಿದ ಭಾಗವನ್ನು ಎತ್ತಲು ಬಳಸುತ್ತಿದ್ದ ಉಪಾಯ. ಹಾಸನದಲ್ಲಿ ಅದರಿಂದ ಅಜ್ಜಿಯನ್ನು ಬೆಳ್ಳಗೆ ಮಾಡಿದ್ದರು. ಕೈ, ಮೊಣಕೈ ಹಾಗೇ ಬಿಟ್ಟಿದ್ದರು. ಫೋಟೋ ನೋಡಿದಾಗಲೆಲ್ಲ ಕೈ ಯಾಕೋ ಬೇರೆಯವರದ್ದು ಅನ್ನಿಸುತ್ತಿದ್ದದ್ದಕ್ಕೆ ಕಾರಣ ಅದು.

ನಗಬೇಡಿ. ಹೋದ ವರ್ಷ ಒಬ್ಬಳು ಕಸಿನ್ ಮ್ಯಾಟ್ರಿಮೊನಿ ಪ್ರೊಫೈಲಿಗೆ ಅಂತ ಫೋಟೋ ಕಳಿಸಿ "ಸ್ವಲ್ಪ ಬ್ರೈಟ್ ಮಾಡ್ಕೊಡೋ" ಅಂದಾಗ ನಾನೂ ಮಾಡಿಕೊಟ್ಟಿದ್ದೆ. ಕೈಯನ್ನೂ ಮರೆಯದೆ.

ಇಲ್ಲಿ ಒಂದು ಅಡ್ಡದಾರಿ ಹಿಡಿಯುತ್ತೇನೆ, ಮೈಸೂರಿಗೆ. ಸುಮಾರು 1805ರಲ್ಲಿ ಥಾಮಸ್ ಹಿಕಿ ಅನ್ನುವ ಐರಿಶ್ ಚಿತ್ರಕಾರ ಮೂವರು ಹೆಂಗಸರ ಒಂದು ತೈಲಚಿತ್ರ ಬರೆದ. ನರ್ತಕಿಯರ ಚಿತ್ರ ಎಂದು ಬಹಳ ಕಾಲ ಅಂದುಕೊಂಡಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಪ್ರಕಾರ ಅವರು ಮೈಸೂರು ಅರಮನೆಯ ರಾಣಿಯರು. ಬಲಗಡೆ ಇರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆ ವಯಸ್ಸಿನ ರಾಣಿ ದೇವಾಜಮ್ಮಣ್ಣಿ. ಆಗಷ್ಟೇ ಬಂದಿದ್ದ ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳಿನ ಕಡೆ ಅವಳು ಸೀರೆ ಸರಿಸಿ ತೋರಿಸುತ್ತಿದ್ದಾಳೆ. ಎಡಗಡೆಯ ರಾಣಿಯ ಮೂಗು, ಬಾಯಿಯ ಸುತ್ತ ಚರ್ಮದ ಬಣ್ಣ ಮಾಸಿದೆ. ಅದು ಹಳೆಯ ಪದ್ಧತಿಯಲ್ಲಿ, ಸಿಡುಬಿನ ಕೀವನ್ನೇ ಸ್ವಲ್ಪ ಕೊಟ್ಟು ರೋಗ ತಡೆಯುತ್ತಿದ್ದುದರ ಗುರುತಂತೆ. ಜನಕ್ಕೆ ಲಸಿಕೆಯ ಮೇಲೆ ನಂಬಿಕೆ ಬರಲಿ ಅಂತ ಬರೆಸಿದ ಚಿತ್ರ ಇದು ಅನ್ನುವುದು ಅವರ ವಾದ. ಎಲ್ಲರೂ ಒಪ್ಪಲೇಬೇಕು ಅಂತಿಲ್ಲ. ನನಗೆ ಮಾತ್ರ ಅಜ್ಜಿಯ ಗಾಜನ್ನು ಮುಂದಿಟ್ಟುಕೊಂಡು ಆ ಚಿತ್ರ ನೋಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ಬಣ್ಣದಲ್ಲಿ ಏನು ಬೇಕಾದರೂ ಮುಚ್ಚಬಹುದಾಗಿದ್ದವನು ರಾಣಿಯ ಬಾಯಿ ಸುತ್ತಲಿನ ಕಲೆಯನ್ನು ಬಿಟ್ಟ. ಇದ್ದದ್ದನ್ನೇ ಹಿಡಿಯುವ ಯಂತ್ರ ಇಟ್ಟುಕೊಂಡಿದ್ದವರು ಹುಡುಗಿಯ ಕೆನ್ನೆಯದನ್ನು ಅಳಿಸಿದರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ಹೋಯಿತು ಎಂದು ಘೋಷಿಸಿತು. ಅಂಥ ಮುಖಗಳೂ ಈಗ ಒಂದೊಂದಾಗಿ ಹೋಗುತ್ತಿವೆ.

ಇನ್ನು ನಮ್ಮ ಕಾಲ. ಫೋಟೋಶಾಪ್ ಹುಟ್ಟಿದ್ದು ಒಂದು ಕಪ್ಪುಬಿಳುಪಿನ ತೊಂದರೆಯಿಂದ ಅನ್ನುವುದು ನನಗೆ ಬಲು ಇಷ್ಟದ ಸಂಗತಿ. 1987ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಥಾಮಸ್ ನೋಲ್‌ನ ಬಳಿ ಇದ್ದದ್ದು ಒಂದು ಮ್ಯಾಕ್ ಪ್ಲಸ್. ಅದರ ಪರದೆಗೆ ಕಪ್ಪು ಗೊತ್ತು, ಬಿಳುಪು ಗೊತ್ತು, ನಡುವಿನ ಬೂದು ಗೊತ್ತಿಲ್ಲ. ಆ ಬೂದು ಛಾಯೆಗಳನ್ನು ತೋರಿಸಲು ಅವನು ಬರೆದ ಸಣ್ಣ ಪ್ರೋಗ್ರಾಮನ್ನು, ಸಿನಿಮಾ ಗ್ರಾಫಿಕ್ಸ್ ಕೆಲಸದಲ್ಲಿದ್ದ ತಮ್ಮ ಜಾನ್ ನೋಡಿ, ಇದನ್ನು ಬೆಳೆಸೋಣ ಅಂದ. 1990ರ ಫೆಬ್ರವರಿಯಲ್ಲಿ ಅಡೋಬಿ ಕಂಪನಿ ಅದನ್ನು ಮಾರುಕಟ್ಟೆಗೆ ತಂತು. ಅದರ ಡಾಡ್ಜ್, ಬರ್ನ್ ಟೂಲುಗಳ ಚಿತ್ರ ಗಮನಿಸಿ. ಒಂದು ಕಡ್ಡಿಗೆ ಅಂಟಿಸಿದ ರಟ್ಟಿನ ಬಿಲ್ಲೆ, ಇನ್ನೊಂದು ಬೆರಳು ಮಡಚಿ ತೂತು ಮಾಡಿದ ಕೈ. ಎರಡೂ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಮೇಲೆ ಬೀಳುವ ಬೆಳಕನ್ನು ತಡೆಯಲು, ಬಿಡಲು ಬಳಸುತ್ತಿದ್ದವು. ದಿನಾ ಕ್ಲಿಕ್ ಮಾಡುವ ಎಷ್ಟೋ ಜನರಿಗೆ ಅದೇನೆಂದು ಗೊತ್ತಿರುವುದಿಲ್ಲ.

2002ರಲ್ಲಿ ಏಳನೇ ಆವೃತ್ತಿಯ ಜೊತೆ ಬಂದ ಹೀಲಿಂಗ್ ಬ್ರಷ್ ನಿಜವಾದ ತಿರುವು. ಅದಕ್ಕೆ ಮುಂಚಿನ ಕ್ಲೋನ್ ಸ್ಟ್ಯಾಂಪ್ ಒಂದು ಕಡೆಯ ಚರ್ಮವನ್ನು ಇನ್ನೊಂದು ಕಡೆ ತೇಪೆ ಹಾಕುತ್ತಿತ್ತು, ಬೆಳಕು ಹೊಂದದಿದ್ದರೆ ತೇಪೆ ಕಾಣುತ್ತಿತ್ತು. ಹೀಲಿಂಗ್ ಬ್ರಷ್ ಮಾತ್ರ ಒಂದು ಕಡೆಯಿಂದ ಚರ್ಮದ ತರಿಯನ್ನು ತಂದು, ಕಲೆಯ ಸುತ್ತಲಿನ ಬೆಳಕು ನೆರಳಿಗೆ ತಾನೇ ಹೊಂದಿಸುತ್ತದೆ. ಶಾರ್ಪ್ ಆರು ಗಂಟೆ ಕೂತು ಕಣ್ಣಳತೆಯಲ್ಲಿ ಮಾಡಿದ್ದನ್ನು ಗಣಿತ ಅರ್ಧ ಸೆಕೆಂಡಿನಲ್ಲಿ ಮಾಡುತ್ತದೆ. ಈಗಂತೂ ಫೋನಿನ ಬ್ಯೂಟಿ ಮೋಡ್ ನಮ್ಮನ್ನು ಕೇಳುವುದೂ ಇಲ್ಲ. ನಾರ್ವೆಯಲ್ಲಿ ಜಾಹೀರಾತಿನ ಫೋಟೋದಲ್ಲಿ ಮೈಯ ಆಕಾರ, ಗಾತ್ರ ಅಥವಾ ಚರ್ಮ ತಿದ್ದಿದ್ದರೆ ಹಾಗೆಂದು ಚೀಟಿ ಹಾಕಬೇಕು ಅನ್ನುವ ಕಾನೂನು 2022ರಿಂದ ಇದೆ. ನಮ್ಮಲ್ಲಿ ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಧೈರ್ಯ ಇರುವುದು ಆಧಾರ್ ಕಾರ್ಡಿಗೆ ಮಾತ್ರ.

ಇಷ್ಟೆಲ್ಲ ಓದಿ, ಒಂದು ಭಾನುವಾರ ಊರಿಗೆ ಹೋಗಿ ಗಾಜನ್ನು ಅಮ್ಮನ ಕೈಗೆ ಕೊಟ್ಟೆ. ಓರೆ ಮಾಡಿ ಪೆನ್ಸಿಲ್ ಗೆರೆ ತೋರಿಸಿದೆ. "ಟರ್ಪೆಂಟೈನ್‌ನಲ್ಲಿ ಮೆತ್ತಗೆ ಒರೆಸಿದರೆ ಇದು ಹೋಗುತ್ತೆ. ಕೆಳಗೆ ಅಜ್ಜಿಯ ನಿಜವಾದ ಮುಖ ಇದೆ. ಒರೆಸ್ಲಾ?" ಅಂದೆ. ಏನೋ ದೊಡ್ಡ ಶೋಧ ಮಾಡಿದವನ ಹುಮ್ಮಸ್ಸಿನಲ್ಲಿದ್ದೆ.

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು. ಆ ಫೋಟೋ ಅರಸೀಕೆರೆಗೆ, ಅಜ್ಜನ ಮನೆಗೆ ಹೋಗಿತ್ತು. ನೋಡಿ ಒಪ್ಪಿ ಹೆಣ್ಣು ನೋಡಲು ಬಂದರು. ಅಜ್ಜಿ ಹೊರಗೆ ಬಂದು ಕೂತಾಗ ದೊಡ್ಡವರ ನಡುವೆ ಪಿಸುಪಿಸು ಶುರುವಾಯಿತು. ಅಜ್ಜ "ನಂಗೆ ಒಪ್ಪಿಗೆ" ಅಂದಮೇಲೆ ಮಾತು ನಿಂತಿತು, ಮದುವೆಯೂ ಆಯಿತು. ಆದರೆ ಅತ್ತೆಗೆ ಸಿಟ್ಟು ಬಂದಾಗಲೆಲ್ಲ, ಉಪ್ಪು ಜಾಸ್ತಿಯಾದರೂ, ಹಾಲು ಉಕ್ಕಿದರೂ, ಒಂದೇ ಮಾತು: "ಪಟ ನೋಡಿ ಮೋಸ ಹೋದ್ವಿ." ಹದಿನೈದಿಪ್ಪತ್ತು ವರ್ಷ.

"ಅದಕ್ಕೇ ಅಮ್ಮ ಆ ಫೋಟೋನ ಗೋಡೆಗೆ ಹಾಕೋಕೆ ಯಾವತ್ತೂ ಬಿಡ್ಲಿಲ್ಲ ಕಣೋ. ಹಾಗಂತ ಬಿಸಾಕಲೂ ಇಲ್ಲ. ನಂಗೂ ಮರ್ತೇಹೋಗಿತ್ತು."

ಗಾಜನ್ನು ಒರೆಸಲಿಲ್ಲ. ಒರೆಸಿದರೆ ಒಳಗೆ ಅಜ್ಜಿ ಇರುತ್ತಾಳೆ ನಿಜ. ಆದರೆ ಆ ಗೆರೆಗಳೂ ಅವಳಿಗೆ ಆದದ್ದೇ. ಅದೂ ಅಲ್ಲದೆ ಆ ಟಚಿಂಗ್ ಮಾಡಿದವರ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ. ಅವರು ಆ ಹುಡುಗಿಗೆ ಒಳ್ಳೆಯದಾಗಲಿ ಅಂತಲೇ ಮಧ್ಯಾಹ್ನವಿಡೀ ಕತ್ತು ಬಗ್ಗಿಸಿ ಕೂತಿದ್ದಿರಬೇಕು. ನಾನು ಕಸಿನ್‌ಗೆ ಮಾಡಿಕೊಟ್ಟದ್ದೂ ಹಾಗೇ. ಗಾಜು ಈಗ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿಕೊಂಡು ನನ್ನ ಬೀರುವಿನಲ್ಲಿದೆ.

ದೊಡ್ಡ ಫೋಟೋಗೆ 1998ರದ್ದನ್ನೇ ತೆಗೆದುಕೊಂಡೆವು. ಬಣ್ಣ ಕೆಟ್ಟು ಎಲ್ಲ ಹಳದಿಗೆ ತಿರುಗಿದ್ದರಿಂದ ಕಪ್ಪುಬಿಳುಪು ಮಾಡೋಣ ಅಂದಳು ಅಮ್ಮ. ಕಲರ್ ಚಿತ್ರವನ್ನು ಕಪ್ಪುಬಿಳುಪು ಮಾಡುವಾಗ ಕೆಂಪು, ಹಸಿರು, ನೀಲಿ ಮೂರರಲ್ಲಿ ಯಾವುದರಿಂದ ಎಷ್ಟು ತೆಗೆದುಕೊಳ್ಳಬೇಕು ಅನ್ನುವುದು ನಮ್ಮ ಕೈಯಲ್ಲಿರುತ್ತದೆ. ಕೆಂಪನ್ನು ಹೆಚ್ಚಿಸಿದರೆ ಚರ್ಮ ತಾನಾಗಿಯೇ ಬೆಳ್ಳಗೆ, ನುಣ್ಣಗೆ ಆಗುತ್ತದೆ. ಯಾಕೆಂದರೆ ಕೆಂಪು ಬೆಳಕು ಚರ್ಮದೊಳಗೆ ಇಳಿದು ಹರಡಿ ಹೊರಬರುತ್ತದೆ, ತರಿತರಿಯೆಲ್ಲ ಕರಗುತ್ತದೆ. ಬ್ರಷ್ ಮುಟ್ಟುವುದೇ ಬೇಡ, ಅರ್ಧ ರಿಟಚಿಂಗ್ ಆದಂತೆ. ನೀಲಿಯನ್ನು ಹೆಚ್ಚಿಸಿದರೆ ಒಂದೊಂದು ಕಲೆ, ಗುಳಿ, ಸುಕ್ಕು ಎದ್ದು ಬರುತ್ತದೆ, ಸುಮಾರು 1851ರ ಗಾಜು ನೋಡಿದ ಹಾಗೆ.

ಲ್ಯಾಪ್‌ಟಾಪ್ ಅಮ್ಮನ ಮುಂದಿಟ್ಟು ಸ್ಲೈಡರನ್ನು ನಿಧಾನಕ್ಕೆ ಸರಿಸುತ್ತಾ ಹೋದೆ. ಕೆಂಪಿನ ಕಡೆ ಹೋದಾಗ "ಯಾರೋ ಇವ್ಳು" ಅಂದಳು. ನೀಲಿಯ ಕಡೆ ಪೂರ್ತಿ ಹೋದಾಗ "ಅಯ್ಯೋ, ಇಷ್ಟೊಂದಿರ್ಲಿಲ್ಲಪ್ಪ" ಅಂದಳು. ಹಿಂದೆ ಮುಂದೆ, ಹಿಂದೆ ಮುಂದೆ. ಹಸಿರು ಹೆಚ್ಚಿಗೆ, ಕೆಂಪು ಕಡಿಮೆ, ನೀಲಿ ಒಂಚೂರು ಅನ್ನುವ ಒಂದು ಜಾಗದಲ್ಲಿ ನನ್ನ ಕೈ ಹಿಡಿದಳು. "ಇಲ್ಲೇ. ಇಲ್ಲೇ ನಿಲ್ಸು."

ಗೀರು, ಧೂಳು ತೆಗೆದೆ. ಮುಖವನ್ನು ಮುಟ್ಟಲಿಲ್ಲ. ಹದಿನಾರು ಇಂಚು, ಇಪ್ಪತ್ತು ಇಂಚಿನ ಪ್ರಿಂಟಿಗೆ ಫೈಲ್ ಕಳಿಸಿದ ಮಾರನೇ ದಿನ ಲ್ಯಾಬಿನ ಹುಡುಗ ಫೋನ್ ಮಾಡಿದ. "ಸರ್, ಅಜ್ಜಿ ಮುಖದಲ್ಲಿ ತುಂಬಾ ಮಾರ್ಕ್ಸ್ ಕಾಣ್ತಿದೆ. ಕ್ಲೀನ್ ಮಾಡಿ ಹಾಕ್ಲಾ? ಎಕ್ಸ್‌ಟ್ರಾ ಚಾರ್ಜ್ ಏನಿಲ್ಲ."

"ಬೇಡಪ್ಪ, ಹಂಗೇ ಇರ್ಲಿ" ಅಂದೆ.